ಗ್ರಿಶಮ್ ಮೊದಲ ಕಾದಂಬರಿ: ಜ್ಯೂರಿ ಆರಿಸುವ ಪುಟಗಳನ್ನು ಹಾರಿಸಬಹುದಾ?

ಪುಟತಿರುವು:
ಜಾನ್ ಗ್ರಿಶಮ್ ಅವರ 'ದಿ ಫರ್ಮ್' ಊಟ, ನಿದ್ದೆ ಬಿಟ್ಟು ಓದಿದೆ. ಅದೇ ಹುಮ್ಮಸ್ಸಿನಲ್ಲಿ ಅವರ ಮೊದಲ ಕಾದಂಬರಿ 'ಎ ಟೈಮ್ ಟು ಕಿಲ್' ಕೈಗೆತ್ತಿಕೊಂಡೆ. ಶುರುವಿನಲ್ಲೇ ಎದೆ ನಡುಗುತ್ತದೆ. ಹತ್ತು ವರ್ಷದ ಮಗಳ ಮೇಲೆ ಅತ್ಯಾಚಾರ ಮಾಡಿದ ಇಬ್ಬರನ್ನು ತಂದೆ ಕೋರ್ಟ್ ಕಟ್ಟಡದಲ್ಲೇ ಗುಂಡಿಟ್ಟು ಕೊಲ್ಲುತ್ತಾನೆ. ಆಮೇಲೆ ಕಥೆ ಮುಂದಕ್ಕೇ ಹೋಗುತ್ತಿಲ್ಲ. ಜಾಮೀನು, ಕೇಸನ್ನು ಬೇರೆ ಊರಿಗೆ ವರ್ಗಾಯಿಸಿ ಎಂಬ ಅರ್ಜಿ, ಜ್ಯೂರಿ ಪಟ್ಟಿ (ತೀರ್ಪು ಕೊಡಲು ಆರಿಸುವ ಸಾಮಾನ್ಯ ಜನರದು), ಇದೇ ಆಯಿತು. ಇದನ್ನೆಲ್ಲ ಹಾರಿಸಿ ನೇರ ವಿಚಾರಣೆಗೆ ಹೋದರೆ ಏನಾದರೂ ಕಳೆದುಕೊಳ್ಳುತ್ತೇನಾ? ಕೋರ್ಟಿನಲ್ಲಿ ನಿಜವಾಗಿ ಹೀಗೇ ನಡೆಯುತ್ತದಾ?

ಪಾಟೀಸವಾಲು:
ದಯವಿಟ್ಟು ಹಾರಿಸಬೇಡಿ. ನಾನು ವಕೀಲ. ಈ ಕಾದಂಬರಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮಗೆ ಬೇಸರ ತಂದ ಆ ಪುಟಗಳೇ.

ಗುಂಡು ಹಾರಿಸಿದ್ದು ಯಾರು ಎಂಬ ಬಗ್ಗೆ ಯಾರಿಗೂ ಅನುಮಾನ ಇಲ್ಲ, ಅಲ್ವಾ? ಹಾಗಾದರೆ ಕುತೂಹಲ ಎಲ್ಲಿಂದ ಬರಬೇಕು? ತೀರ್ಪು ಕೊಡುವ ಹನ್ನೆರಡು ಜನ ಯಾರು ಎಂಬುದರಿಂದ. ಜಾಗ ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯ. ಆರೋಪಿ ಕಪ್ಪು ಮನುಷ್ಯ, ಸತ್ತವರು ಬಿಳಿಯರು. ಹನ್ನೆರಡೂ ಜನ ಒಂದೇ ಮಾತು ಹೇಳಬೇಕು. ಒಬ್ಬರು ಒಪ್ಪದಿದ್ದರೂ ಶಿಕ್ಷೆ ಕೊಡಲು ಬರುವುದಿಲ್ಲ. ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ವಿಚಾರಣೆ ನಡೆಯುತ್ತದೋ ಅಲ್ಲಿನ ಜನರೇ ಜ್ಯೂರಿಗೆ ಬರುತ್ತಾರೆ. ಆ ಊರಲ್ಲಿ ಕಪ್ಪು ಜನ ಕಡಿಮೆ ಇದ್ದರೆ ಜ್ಯೂರಿಯಲ್ಲೂ ಕಡಿಮೆ. ಹಾಗಾಗಿ ವರ್ಗಾವಣೆ ಅರ್ಜಿ ಎಂದರೆ ಒಬ್ಬ ಮನುಷ್ಯನ ಸಾವು ಬದುಕಿನ ಪ್ರಶ್ನೆ. ಆರೋಪಿಯ ವಕೀಲ ಜೇಕ್ ಅದಕ್ಕೆ ಅಷ್ಟೊಂದು ಬಡಿದಾಡುವುದು ಇದೇ ಕಾರಣಕ್ಕೆ.

ಜ್ಯೂರಿ ಆರಿಸುವಾಗ ಎರಡೂ ಕಡೆಯವರು ಕೆಲವರನ್ನು ಕಾರಣ ಕೊಡದೆ ಬೇಡ ಎನ್ನಬಹುದು. ಪ್ರಾಸಿಕ್ಯೂಟರ್‌ಗಳು (ಸರ್ಕಾರದ ಪರ ವಕೀಲರು) ಇದನ್ನೇ ಬಳಸಿ ಕಪ್ಪು ಜನರನ್ನು ಹೊರಗಿಡುತ್ತಿದ್ದರು. 1986ರಲ್ಲಿ ಬ್ಯಾಟ್ಸನ್ ಎಂಬ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಯಾರನ್ನೂ ತೆಗೆಯುವಂತಿಲ್ಲ ಎಂದಿತು. ಆದರೂ ಬೇರೆ ಯಾವುದೋ ನೆಪ ಹೇಳಿ ತೆಗೆಯುವುದು ನಿಲ್ಲಲಿಲ್ಲ. ಗ್ರಿಶಮ್ ಈ ಕಾದಂಬರಿ ಬರೆಯುತ್ತಿದ್ದುದು ಸರಿಯಾಗಿ ಅದೇ ವರ್ಷಗಳಲ್ಲಿ. ಮಿಸಿಸಿಪ್ಪಿಯ ಸೌತ್‌ಹೇವನ್‌ನಲ್ಲಿ ವಕೀಲಿಕೆ, ಜೊತೆಗೆ ರಾಜ್ಯದ ಶಾಸಕರೂ ಆಗಿದ್ದರು. 1984ರಲ್ಲಿ ಅಲ್ಲಿನ ಕೋರ್ಟೊಂದರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ಮೇಲಾದ ಅತ್ಯಾಚಾರದ ಬಗ್ಗೆ ಸಾಕ್ಷಿ ಹೇಳುವುದನ್ನು ಕೇಳಿದರು. ಇವಳ ಅಪ್ಪ ಆ ಅತ್ಯಾಚಾರಿಯನ್ನು ಕೊಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಕೆಲಸಕ್ಕೆ ಹೋಗುವ ಮುಂಚೆ ಬರೆದರು. ಮೂರು ವರ್ಷ ಹಿಡಿಯಿತು. ಎಷ್ಟೋ ಪ್ರಕಾಶಕರು ಬೇಡ ಎಂದರು. ಕೊನೆಗೆ ಒಪ್ಪಿದವರು ಹಾಕಿದ್ದು ಐದು ಸಾವಿರ ಪ್ರತಿ. ಅದರಲ್ಲಿ ಸಾವಿರವನ್ನು ಅವರೇ ಕೊಂಡರು.

ಮುಂದೆ ಬರುವ ಒಂದು ಜಾಗ ಮಾತ್ರ ಹೇಳುತ್ತೇನೆ, ಕೊನೆ ಹೇಳುವುದಿಲ್ಲ. ಕೊಲ್ಲುವಾಗ ಆರೋಪಿಗೆ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಎಂಬುದು ಜೇಕ್ ವಾದ. ಸ್ವಾಧೀನದಲ್ಲೇ ಇತ್ತು ಎನ್ನಲು ಸರ್ಕಾರದ ಕಡೆಯಿಂದ ಒಬ್ಬ ದೊಡ್ಡ ಮನೋವೈದ್ಯರು ಬರುತ್ತಾರೆ. ಜೇಕ್ ಅವರ ವಿದ್ಯೆಯ ತಂಟೆಗೇ ಹೋಗುವುದಿಲ್ಲ. ಹಿಂದೆ ಬೇರೆ ಕೇಸುಗಳಲ್ಲಿ ಇವರು ಯಾರ ಬಗ್ಗೆ ಏನು ಸಾಕ್ಷಿ ಹೇಳಿದ್ದರು ಎಂದು ಕೇಳುತ್ತಾನೆ. ಅಂಥ ಒಬ್ಬ ಆರೋಪಿಯ ಹೆಸರು ಹೇಳುತ್ತಾನೆ. 'ಅವನಿಗೂ ಬುದ್ಧಿ ಸ್ವಾಧೀನದಲ್ಲೇ ಇತ್ತು ಎಂದಿದ್ದಿರಿ, ಅಲ್ವಾ? ಈಗ ಅವನು ಎಲ್ಲಿದ್ದಾನೆ?' ಎಂಬ ದಾರಿಯಲ್ಲಿ ಪ್ರಶ್ನೆ ಸಾಗುತ್ತದೆ. ಅವನು ಇರುವುದು ಇದೇ ವೈದ್ಯರ ಆಸ್ಪತ್ರೆಯಲ್ಲಿ, ರೋಗಿಯಾಗಿ! ಪಾಟೀಸವಾಲು ಎಂದರೆ ಇದು. ಉತ್ತರ ಮೊದಲೇ ಗೊತ್ತಿರುವ ಸಣ್ಣ ಸಣ್ಣ ಪ್ರಶ್ನೆ ಕೇಳುವುದು, ಸಾಕ್ಷಿಯ ಬಾಯಿಂದಲೇ ಹೇಳಿಸುವುದು. ದನಿ ಏರಿಸಿ ಮೇಜು ಕುಟ್ಟುವುದು ಸಿನಿಮಾದಲ್ಲಿ. ಕೋರ್ಟಿನಲ್ಲಿ ಕಾಲ ಕಳೆದವರಿಗೆ ಮಾತ್ರ ಇಂಥ ಪುಟ ಬರೆಯಲು ಸಾಧ್ಯ ಎಂದು ನಾನು ನಂಬಿದ್ದೇನೆ.

ಇನ್ನು, ಎಲ್ಲವೂ ಹೀಗೇ ನಡೆಯುತ್ತದಾ ಎಂದರೆ, ವೇಗ ಮಾತ್ರ ಸುಳ್ಳು. ತಾರೀಕು ಕಾಯುವುದು, ಕಾಗದ ಓಡಾಡುವುದು, ಇದನ್ನೆಲ್ಲ ಅವರು ಒಂದೊಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ದಾಟಲೇಬೇಕು.

ರೈಲುಓದು:
ಗ್ರಿಶಮ್ ಜೊತೆ ಸ್ಕಾಟ್ ಟುರೋ ಎಂಬ ಕಾದಂಬರಿಕಾರರನ್ನೂ ಓದಿ. ಶಿಕಾಗೋದಲ್ಲಿ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಆಗಿದ್ದವರು. ಲಂಚ ತಿಂದ ನ್ಯಾಯಾಧೀಶರನ್ನು ಹಿಡಿದ 'ಆಪರೇಷನ್ ಗ್ರೇಲಾರ್ಡ್' ಕೇಸುಗಳಲ್ಲಿ ಕೆಲಸ ಮಾಡಿದವರು. ಆಫೀಸಿಗೆ ಹೋಗುವ ರೈಲಿನಲ್ಲಿ ಕೂತು ಬರೆದ 'ಪ್ರಿಸ್ಯೂಮ್ಡ್ ಇನ್ನೊಸೆಂಟ್' 1987ರಲ್ಲಿ ಬಂತು. ಅದರಲ್ಲಿ ಪ್ರಾಸಿಕ್ಯೂಟರ್ ಮೇಲೇ ಕೊಲೆ ಆರೋಪ. ಅವನ ಬೆರಳಚ್ಚು ಇರುವ ಗಾಜಿನ ಲೋಟ ವಿಚಾರಣೆ ಹೊತ್ತಿಗೆ ಕಾಣೆಯಾಗಿರುತ್ತದೆ. ಲಂಚದ ಒಂದು ಹಳೇ ಫೈಲೂ ಬರುತ್ತದೆ. ನನಗೆ ಗ್ರಿಶಮ್‌ಗಿಂತ ಇವರೇ ಜಾಸ್ತಿ ಇಷ್ಟ.

ಪುಟತಿರುವು:
ಧನ್ಯವಾದ ಸರ್. ಹಿಂದಕ್ಕೆ ಹೋಗಿ ಜ್ಯೂರಿ ಭಾಗ ಮತ್ತೆ ಓದುತ್ತೇನೆ. ಇನ್ನೊಂದು ಪ್ರಶ್ನೆ. 'ದಿ ಫರ್ಮ್' ಸಿನಿಮಾದ ಕೊನೆ ಬೇರೆಯೇ ಇದೆ. ಯಾಕೆ ಬದಲಾಯಿಸಿದರು?

ಪಾಟೀಸವಾಲು:
ಯಾಕೆ ಎಂಬುದಕ್ಕಿಂತ ಏನು ಬದಲಾಯಿತು ಎಂಬುದು ಸೊಗಸಾಗಿದೆ. ಸಿನಿಮಾ ನೋಡದವರು ಮುಂದೆ ಓದಬೇಡಿ.

ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಸನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಹೋಗುತ್ತದೆ. ಪುಸ್ತಕದಲ್ಲಿ ಕಥಾನಾಯಕ, ವಕೀಲ ಮಿಚ್, ಕಕ್ಷಿದಾರರ ಕಾಗದಪತ್ರವನ್ನು ತನಿಖಾ ಸಂಸ್ಥೆ ಎಫ್‌ಬಿಐಗೆ ಕೊಟ್ಟು, ವೃತ್ತಿ ಬಿಟ್ಟು, ತಲೆಮರೆಸಿಕೊಳ್ಳುತ್ತಾನೆ. 1993ರ ಸಿನಿಮಾದಲ್ಲಿ ಅವನು ಫೀಸಿನ ಬಿಲ್ಲು ಹಿಡಿಯುತ್ತಾನೆ. ಅಲ್ಲಿ ವಕೀಲರಿಗೆ ಫೀಸು ಗಂಟೆ ಲೆಕ್ಕದಲ್ಲಿ. ಅವನು ಕೆಲಸ ಮಾಡುವ ವಕೀಲರ ಕಂಪನಿ ಮಾಡದ ಕೆಲಸಕ್ಕೂ ಗಂಟೆ ಬರೆದು ಬಿಲ್ಲನ್ನು ಅಂಚೆಯಲ್ಲಿ ಕಳಿಸಿದೆ. ಅಂಚೆ ಮೂಲಕ ಮೋಸ ಮಾಡುವುದು ಅಮೆರಿಕದಲ್ಲಿ ಕೇಂದ್ರ ಕಾನೂನಿನ ಅಪರಾಧ. ಬಿಲ್ಲು ತೋರಿಸಲು ಮಿಚ್ ಕಕ್ಷಿದಾರರ ಒಪ್ಪಿಗೆಯನ್ನೇ ಪಡೆಯುತ್ತಾನೆ. ಗುಟ್ಟು ಗುಟ್ಟಾಗೇ ಉಳಿಯಿತು, ಸನದೂ ಉಳಿಯಿತು. ಒಬ್ಬ ವಕೀಲನಾಗಿ ನನಗೆ ಈ ಕೊನೆಯೇ ಹೆಚ್ಚು ಹಿಡಿಸಿತು. ಅವನು ಓಡಿಹೋಗದೆ, ತನ್ನ ಕಸುಬಿನ ನಿಯಮದೊಳಗೇ ದಾರಿ ಹುಡುಕುತ್ತಾನೆ.

ನಂತರ 'ದಿ ಇನ್ನೊಸೆಂಟ್ ಮ್ಯಾನ್' ಓದಿ. 2006ರದು, ಕಾದಂಬರಿಯಲ್ಲ, ನಿಜ ಘಟನೆ. ಒಕ್ಲಹೋಮದ ರಾನ್ ವಿಲಿಯಮ್ಸನ್ ಮಾಡದ ಕೊಲೆಗೆ ಮರಣದಂಡನೆ ಪಡೆದವನು. 1994ರಲ್ಲಿ ಗಲ್ಲಿಗೆ ಐದೇ ದಿನ ಇದ್ದಾಗ ತಡೆ ಸಿಕ್ಕಿತು. 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆ. ಅವನ ಮೇಲಿನ ಸಾಕ್ಷ್ಯ ಏನಿತ್ತು ಎಂದರೆ, ಕೂದಲಿನ ಹೋಲಿಕೆ, ಜೈಲಿನಲ್ಲಿದ್ದವರ ಮಾತು, ತಾನು ಕಂಡ ಕನಸು ಎಂದು ಅವನೇ ಹೇಳಿದ್ದು. ಅವನ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಒಬ್ಬನೇ ಆಮೇಲೆ ಆ ಕೊಲೆಗೆ ಶಿಕ್ಷೆಯಾದವನು. ಅದನ್ನು ಓದುವಾಗ ಅವನ ಪರ ವಕೀಲರು ಎಲ್ಲೆಲ್ಲಿ ಪ್ರಶ್ನೆ ಕೇಳಬೇಕಿತ್ತು ಎಂದು ಗಮನಿಸುತ್ತಾ ಹೋಗಿ.