ಲೇಟೆನ್ಸಿಗೆ 'ವಿಳಂಬ' ಎನ್ನಬಹುದೇ?

ಬೆನ್ನುಹುರಿಗೆ ಪೆಟ್ಟಾದ ಇಲಿಗಳಲ್ಲಿ ನರಸಂಕೇತ ಅಳೆಯುವ ಬಗ್ಗೆ ಬರೆಯುವಾಗ, ಲೇಟೆನ್ಸಿ (ನರಕ್ಕೆ ಪ್ರಚೋದನೆ ಕೊಟ್ಟಲ್ಲಿಂದ ಉತ್ತರ ಕಾಣುವವರೆಗಿನ ಹೊತ್ತು) ಎಂಬ ಇಂಗ್ಲಿಷ್ ಪದಕ್ಕೆ ಮೊದಲು ಕೈಗೆ ಸಿಗುವ ಪದ 'ವಿಳಂಬ'. ಅದು ಅರ್ಥವನ್ನೇ ಕೆಡಿಸುತ್ತದೆ ಎಂಬುದು ನನ್ನ ಅನಿಸಿಕೆ.

ಅಳತೆ ನಡೆಯುವುದು ಹೀಗೆ. ಅರಿವಳಿಕೆ ಕೊಟ್ಟ ಇಲಿಯ ಹಿಂಗಾಲಿನ ಹರಡಿನ (ಪಾದದ ಗಂಟಿನ) ಹತ್ತಿರ, ಪಾದಕ್ಕೆ ಹೋಗುವ ಟಿಬಿಯಲ್ ನರಕ್ಕೆ 0.2 ಮಿಲಿಸೆಕೆಂಡಿನ ವಿದ್ಯುತ್ ಪಲ್ಸು ಕೊಡುತ್ತಾರೆ. ಪಲ್ಸಿನ ಬಲ ಕಾಲ್ಬೆರಳು ತುಸು ಅದುರುವಷ್ಟಿದ್ದರೆ ಸಾಕು. ಆ ಸಂಕೇತ ಬೆನ್ನುಹುರಿಯ ಹಿಂಬದಿಯ ನರತಂತುಗಳ ಕಂಬದಲ್ಲಿ ಮೇಲೇರಿ, ಎದುರು ಬದಿಯ ಮಿದುಳಿನಲ್ಲಿ ಮೈಕ್ರೋವೋಲ್ಟುಗಳಲ್ಲಿ ಅಳೆಯುವಷ್ಟು ಚಿಕ್ಕ ಅಲೆ ಎಬ್ಬಿಸುತ್ತದೆ. ಬುರುಡೆಗೆ ಕೂರಿಸಿದ ಸ್ಕ್ರೂ ಎಲೆಕ್ಟ್ರೋಡು ಅದನ್ನು ಹಿಡಿಯುತ್ತದೆ. ಒಂದೇ ಸಲಕ್ಕೆ ಬೇರೆ ವಿದ್ಯುತ್ ಗದ್ದಲದಲ್ಲಿ ಅಲೆ ಕಾಣದು. 100 ಸಲದ ಸರಾಸರಿ ತೆಗೆದರೆ ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಪಲ್ಸನ್ನು ಸೆಕೆಂಡಿಗೆ ಸರಿಯಾಗಿ 5 ಸಲ ಕೊಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ ಪ್ರತಿ ಸಲವೂ ಅದೇ ಜಾಗದಲ್ಲಿ ಬಂದು ಕೂರುತ್ತದೆ, ಸರಾಸರಿಯಲ್ಲಿ ಅಳಿಯುವುದೇ ಇಲ್ಲ. 50 ಸರಿಯಾಗಿ ಭಾಗವಾಗದ, ಸೆಕೆಂಡಿಗೆ 3.1 ಸಲದಂಥ ಲೆಕ್ಕ ಇಡುವುದು ಅದಕ್ಕೇ.

ಪಲ್ಸು ಕೊಟ್ಟ ಗಳಿಗೆಯಿಂದ ಅಲೆಯ ಮೊದಲ ತುದಿಯವರೆಗಿನ ಹೊತ್ತೇ ಲೇಟೆನ್ಸಿ. ಪೆಟ್ಟೇ ಬೀಳದ ಇಲಿಯಲ್ಲೂ ಅದು ಇದ್ದೇ ಇರುತ್ತದೆ. 18 ಮಿಲಿಸೆಕೆಂಡು ಇದ್ದದ್ದು ಪೆಟ್ಟಿನ ನಂತರ 22 ಆಯಿತು ಅನ್ನಿ: ಲೇಟೆನ್ಸಿ 22, ವಿಳಂಬ 4. 'ವಿಳಂಬ 22' ಎಂದು ಬರೆದರೆ ಓದುಗ 22 ಮಿಲಿಸೆಕೆಂಡು ತಡವಾಯಿತು ಎಂದೇ ತಿಳಿಯುತ್ತಾನೆ. ಬಸ್ಸಿಗೆ ಮೈಸೂರು ಮುಟ್ಟಲು ಮೂರು ಗಂಟೆ ಬೇಕು ಅನ್ನುವುದಕ್ಕೂ ಬಸ್ಸು ಮೂರು ಗಂಟೆ ತಡ ಅನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಇನ್ನು ಆ 4 ಕೂಡ ಪೆಟ್ಟಿನದೇ ಆಗಬೇಕೆಂದಿಲ್ಲ. ಇಲಿಯ ಮೈ 37 ಡಿಗ್ರಿಯಿಂದ ಕೆಳಗಿಳಿದರೆ ನರದ ವೇಗ ತಗ್ಗುತ್ತದೆ. ಐಸೋಫ್ಲೂರೇನ್ ಎಂಬ ಅರಿವಳಿಕೆ ಹೆಚ್ಚಾದರೆ ಅಲೆ ತಡವಾಗುವುದಲ್ಲದೆ ಕುಗ್ಗಿಯೂ ಹೋಗುತ್ತದೆ.

'ಸುಪ್ತಾವಧಿ' ಎನ್ನೋಣವೆಂದರೆ ಅದು ರೋಗಾಣು ಮೈಸೇರಿ ಲಕ್ಷಣ ಕಾಣುವವರೆಗಿನ ದಿನಗಳನ್ನು ನೆನಪಿಸುತ್ತದೆ. ಇಲ್ಲಿ ಯಾವುದೂ ಮಲಗಿಲ್ಲ, ಸಂಕೇತ ಓಡುತ್ತಲೇ ಇದೆ. ನನಗೆ ಒಪ್ಪುವುದು 'ತಲುಪುವ ಅವಧಿ'. ಅಲೆ ಎಷ್ಟು ದೊಡ್ಡದು ಎಂದು ಹೇಳುವ ಆಂಪ್ಲಿಟ್ಯೂಡಿಗೆ ಭೌತವಿಜ್ಞಾನದ 'ಪಾರ'ವನ್ನು ಇಲ್ಲಿಗೆ ತರಬಾರದು: ಅದು ನಡುಗೆರೆಯಿಂದ ತುದಿಗೆ ಇರುವ ಅಳತೆ, ಇಲ್ಲಿ ಸಾಮಾನ್ಯವಾಗಿ ಅಳೆಯುವುದು ಏರಿನ ತುದಿಯಿಂದ ಇಳಿವಿನ ತುದಿಗೆ. 'ಅಲೆಯೆತ್ತರ' ಸಾಕು.

ನಾನು ಕೇಳಬೇಕಾದದ್ದು ಇನ್ನೊಂದು. ಪೆಟ್ಟು ಜೋರಾಗಿದ್ದು ಅಲೆಯೇ ಏಳದಿದ್ದಾಗ ಎತ್ತರ ಸೊನ್ನೆ ಎನ್ನಬಹುದು, ತಲುಪುವ ಅವಧಿ ಸೊನ್ನೆ ಎನ್ನಲಾಗದು. ಪಟ್ಟಿಯಲ್ಲಿ ಅಲ್ಲಿ 0 ಬರೆದರೆ ಅತಿ ಕೆಟ್ಟ ಇಲಿಯೇ ಅತಿ ಚುರುಕಿನದಾಗಿ ಕಾಣುತ್ತದೆ. ಆ ಮನೆಯಲ್ಲಿ 'ಅಲೆಯಿಲ್ಲ' ಎಂದು ಬರೆಯುವುದೇ, 'ತಲುಪಲಿಲ್ಲ' ಎಂದೇ? ಎಲೆಕ್ಟ್ರೋಡು ಸಡಿಲವಾಗಿದ್ದರೂ ಅಲೆ ಕಾಣದಾದ್ದರಿಂದ, 'ತಲುಪಲಿಲ್ಲ' ಎಂದು ಖಚಿತವಾಗಿ ಹೇಳಲು ನಾನು ಹಿಂಜರಿಯುತ್ತೇನೆ.