ಓಡಿಹೋಗುವ ಮಕ್ಕಳ ಮಾಂಗಾ: ಯಾವುದರಿಂದ ಶುರು ಮಾಡಿಸಲಿ?

ಕೇಳಿದ್ದು (ಶಿವಮೊಗ್ಗ):
ಅಕ್ಕನ ಮಗ ಒಂಬತ್ತನೇ ಕ್ಲಾಸು. ‘ಸ್ಟ್ರೇಂಜರ್ ಥಿಂಗ್ಸ್’ ಸೀರಿಯಲ್ ನೋಡಿ ಮುಗಿಸಿದ್ದಾನೆ. ಈಗ ಅಂಥದೇ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಬೇಕಂತೆ. ಮನಸ್ಸಿನಿಂದಲೇ ವಸ್ತು ಎತ್ತಿ ಎಸೆಯುವ ಮಕ್ಕಳು, ಅವರ ಬೆನ್ನು ಬಿದ್ದ ಸರ್ಕಾರ, ತಪ್ಪಿಸಿಕೊಂಡು ಓಡುವುದು. ಹುಟ್ಟುಹಬ್ಬಕ್ಕೆ ಕೊಡಿಸ್ತೀನಿ ಅಂತ ನಾನೂ ಬಾಯಿ ಬಿಟ್ಟುಬಿಟ್ಟೆ. ಅಂಗಡಿಯವರು ‘ಅಕಿರ’ ಅಂತ ಒಂದು ದಪ್ಪ ಪುಸ್ತಕ ತೋರಿಸಿದರು. ಬೆಲೆ ನೋಡಿ ಹಾಗೇ ಇಟ್ಟು ಬಂದೆ. ಓದಿದವರು ಯಾರಾದರೂ ಹೇಳಿ. ಮುಂದಿನ ತಿಂಗಳು ಅವನಿಗೆ 14 ತುಂಬುತ್ತದೆ.

ಮೈಸೂರಿನಿಂದ:
ಅಂಗಡಿಯವರು ದಾರಿ ತಪ್ಪಿಸಿಲ್ಲ ಅಕ್ಕಾ. ಆ ಸೀರಿಯಲ್ ಮಾಡಿದ ಡಫರ್ ಸಹೋದರರೇ ‘ಅಕಿರ’ದ ಪ್ರಭಾವ ಇದೆ ಅಂತ ಹೇಳಿಕೊಂಡಿದ್ದಾರೆ. ಅದರಲ್ಲಿ ಹುಡುಗಿಯ ಕೈ ಮೇಲೆ 011 ಅಂತ ಹಚ್ಚೆ ಇದೆ ಅಲ್ವಾ? ‘ಅಕಿರ’ದಲ್ಲೂ ಲ್ಯಾಬಿನ ಮಕ್ಕಳಿಗೆ ಹೀಗೇ. ತಕಾಶಿಯ ಅಂಗೈಯಲ್ಲಿ 26 ಅಂತ ಇರುತ್ತದೆ. ಕಿಯೊಕೊ 25, ಮಸಾರು 27. ಅಕಿರ ಅನ್ನುವವನೇ 28.

ಕತ್ಸುಹಿರೊ ಓಟೊಮೊ ಇದನ್ನು 1982ರಿಂದ 1990ರವರೆಗೆ ‘ಯಂಗ್ ಮ್ಯಾಗಜೀನ್’ನಲ್ಲಿ ಬರೆದರು. ಆರು ಸಂಪುಟ, ಎರಡು ಸಾವಿರಕ್ಕೂ ಜಾಸ್ತಿ ಪುಟ. ಮೊದಲಲ್ಲೇ ಒಂದು ದೃಶ್ಯ ಬರುತ್ತದೆ. ರಾತ್ರಿ, ಪಾಳುಬಿದ್ದ ಹಳೇ ಟೋಕಿಯೊದ ರಸ್ತೆ, ಹುಡುಗರ ಬೈಕುಗಳು. ಅವರಲ್ಲೊಬ್ಬ ತೆತ್ಸುಒ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದಾನೆ. ಹೆಡ್‌ಲೈಟ್ ಬೆಳಕಿಗೆ ಇದ್ದಕ್ಕಿದ್ದಂತೆ ಒಬ್ಬ ಪುಟ್ಟ ಹುಡುಗ. ಮೈಯೆಲ್ಲ ಮಗುವಿನದು, ಮುಖ ಮಾತ್ರ ಸುಕ್ಕುಗಟ್ಟಿದ ಮುದುಕನದು. ಬೈಕ್ ಬೀಳುತ್ತದೆ. ಲ್ಯಾಬಿನಿಂದ ಓಡಿಬಂದ ಆ ಒಬ್ಬ ಹುಡುಗನಿಂದ ಮುಂದಿನ ಅಷ್ಟೂ ಅನಾಹುತ.

ನಾನು ಪಿಯುಸಿಯಲ್ಲಿದ್ದಾಗ ಮೊದಲು 1988ರ ಸಿನಿಮಾ ನೋಡಿದೆ. ಅದನ್ನೂ ಓಟೊಮೊ ಅವರೇ ನಿರ್ದೇಶಿಸಿದ್ದಾರೆ. ಆದರೆ ಆಗ ಮಾಂಗಾ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಸಿನಿಮಾ ನೋಡಿದರೆ ಕತೆ ಗೊತ್ತಾಯಿತು ಅಂದುಕೊಳ್ಳಬೇಡಿ. ನಿಮ್ಮ ಹುಡುಗ ಕೇಳುತ್ತಿರುವ ಓಟ ಇರುವುದು ಮೂರನೇ ಸಂಪುಟದಲ್ಲಿ. ಒಂದು ಮಗುವನ್ನು ಕರೆದುಕೊಂಡು ತೆತ್ಸುಒನ ಗೆಳೆಯ ಕನೆಡ ಮತ್ತು ಅವನ ಜೊತೆಯವರು ಓಡುತ್ತಾರೆ. ಸೈನ್ಯ, ರಾಜಕಾರಣಿ, ಮಠದವರು ಎಲ್ಲರೂ ಬೆನ್ನಿಗೆ. ಇಡೀ ಊರೇ ಕಣ್ಣಾಮುಚ್ಚಾಲೆ ಆಡಿದ ಹಾಗಿರುತ್ತದೆ. ಸಿನಿಮಾದಲ್ಲಿ ಈ ಭಾಗ ಇಲ್ಲವೇ ಇಲ್ಲ. ಕೊನೆಗೆ ಏನಾಗುತ್ತದೆ ಅಂತ ಹೇಳಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ 14ಕ್ಕೆ ಬೇಡ. ಮೊದಲ ಸಂಪುಟದಲ್ಲೇ ಹುಡುಗರು ಅಮಲಿನ ಮಾತ್ರೆ ನುಂಗಿ ಓಡಾಡುತ್ತಾರೆ. ರಕ್ತವೂ ಧಾರಾಳ.

ಮಂಗಳೂರಿನಿಂದ:
14ಕ್ಕೆ ಬೇಡ ಅನ್ನುವುದನ್ನು ನಾನು ಒಪ್ಪಲ್ಲ. ಈಗಿನ ಮಕ್ಕಳು ಮೊಬೈಲಿನಲ್ಲಿ ಇದಕ್ಕಿಂತ ಜಾಸ್ತಿ ನೋಡಿರುತ್ತಾರೆ. ನನ್ನ ತಕರಾರು ಬೇರೆ. ಓಟೊಮೊ ಪುಟಗಟ್ಟಲೆ ಮಾತೇ ಇಲ್ಲದೆ ಬರೆಯುತ್ತಾರೆ. ಕಟ್ಟಡ ಕುಸಿಯುವುದನ್ನೇ ಎಂಟು ಹತ್ತು ಪುಟ ತೋರಿಸುತ್ತಾರೆ. ನನ್ನ ತಮ್ಮ ಅಂಥ ಪುಟಗಳನ್ನೆಲ್ಲ ಸರಸರ ತಿರುಗಿಸಿ ಅರ್ಧ ಗಂಟೆಯಲ್ಲಿ ‘ಮುಗೀತು’ ಅಂದ. ಮುಗೀತು, ನನ್ನ ದುಡ್ಡು!

ಬೆಂಗಳೂರಿನಿಂದ:
ನನ್ನ ಓಟು ‘ಟು ಟೆರಾ’ಕ್ಕೆ. ಕೆಯ್ಕೊ ತಾಕೆಮಿಯಾ ಬರೆದದ್ದು, 1977ರಿಂದ 1980. ಇಂಗ್ಲಿಷಿನಲ್ಲಿ ಮೂರೇ ಸಂಪುಟ, 2007ರಲ್ಲಿ ಬಂತು.

ಇದನ್ನೇ ಯಾಕೆ ಹೇಳುತ್ತಿದ್ದೀನಿ ಅಂದರೆ, ನೀವು ಹುಟ್ಟುಹಬ್ಬ ಅಂದಿರಿ, 14 ಅಂದಿರಿ. ಈ ಕತೆಯಲ್ಲಿ ಎಲ್ಲ ಮಕ್ಕಳಿಗೂ 14ನೇ ಹುಟ್ಟುಹಬ್ಬದ ದಿನ ಒಂದು ಪರೀಕ್ಷೆ ಇರುತ್ತದೆ. ಎಲ್ಲವನ್ನೂ ಕಂಪ್ಯೂಟರ್ ನಡೆಸುವ ಕಾಲ ಅದು. ಮಕ್ಕಳು ಹುಟ್ಟುವುದು ಗಾಜಿನ ಕೊಳವೆಯಲ್ಲಿ. ಸಾಕುವುದಕ್ಕೆ ಒಬ್ಬ ಅಪ್ಪ, ಒಬ್ಬ ಅಮ್ಮನನ್ನು ನೇಮಿಸಿರುತ್ತಾರೆ. ಪರೀಕ್ಷೆಯಲ್ಲಿ ಬಾಲ್ಯದ ನೆನಪನ್ನು ಅಳಿಸಿ ಹಾಕುತ್ತಾರೆ. ಸಾಕಿದ ಅಮ್ಮನನ್ನೂ ಸೇರಿಸಿ. ಮನಸ್ಸಿನ ಶಕ್ತಿ ಇರುವ ಮಕ್ಕಳು ಅಲ್ಲೇ ಸಿಕ್ಕಿಬೀಳುತ್ತಾರೆ. ಅವರಿಗೆ ‘ಮ್ಯೂ’ ಅಂತ ಹೆಸರು. ಸಿಕ್ಕವರನ್ನು ಕೊಲ್ಲುತ್ತಾರೆ, ತಪ್ಪಿಸಿಕೊಂಡವರು ಒಂದು ದೊಡ್ಡ ನೌಕೆಯಲ್ಲಿ ಬಚ್ಚಿಟ್ಟುಕೊಂಡು ಭೂಮಿಯನ್ನು, ಅಂದರೆ ‘ಟೆರಾ’ವನ್ನು, ಹುಡುಕುತ್ತಾರೆ.

ಇಲ್ಲಿ ಶಕ್ತಿ ಇರುವವರು ಪೈಲ್ವಾನರಲ್ಲ. ಮ್ಯೂಗಳಲ್ಲಿ ಎಷ್ಟೋ ಜನಕ್ಕೆ ಕಣ್ಣೋ ಕಿವಿಯೋ ಇರಲ್ಲ, ಮೈಯಲ್ಲಿ ತ್ರಾಣ ಇರಲ್ಲ. ಅವರ ನಾಯಕ ಸೋಲ್ಜರ್ ಬ್ಲೂ ಸಾಯುವ ಮುಂಚೆ ಭಾರವನ್ನೆಲ್ಲ ಜೋಮಿ ಅನ್ನುವ ಹುಡುಗನ ತಲೆಗೆ ಕಟ್ಟುತ್ತಾನೆ. ಜೋಮಿಗೆ ಅದು ಬೇಡವೇ ಬೇಡ. ಅವನು ‘ನಾನು ನಿಮ್ಮವನಲ್ಲ’ ಅಂತ ರಂಪ ಮಾಡುವುದನ್ನು ಯಾವ ಒಂಬತ್ತನೇ ಕ್ಲಾಸಿನವನು ಓದಿದರೂ ಅರ್ಥವಾಗುತ್ತದೆ. ಆ ಕಡೆ ಬೆನ್ನಟ್ಟುವ ಕೀತ್ ಕೂಡ ಸುಮ್ನೆ ಖಳನಾಯಕ ಅಲ್ಲ. ಅವನ ಭಾಗ ಓದುವಾಗ ನಾನು ಅವನ ಪಕ್ಷವೇ ಆಗಿಬಿಟ್ಟಿದ್ದೆ.

ಒಂದೇ ತೊಂದರೆ. ಹೊಸ ಪ್ರತಿ ಹುಡುಕಿ ನನಗೆ ಸಾಕಾಗಿಹೋಯಿತು, ಕೊನೆಗೆ ಸೆಕೆಂಡ್ ಹ್ಯಾಂಡ್ ತಗೊಂಡೆ. ನಿಮಗೆ ಬೇಕಿದ್ದರೆ ನನ್ನ ಮೂರೂ ಕಳಿಸುತ್ತೀನಿ. ಆದರೆ ವಾಪಸ್ ಬೇಕು! ಪುಟದ ಮೂಲೆ ಮಡಚುವ ಹುಡುಗನಾದರೆ ಈಗಲೇ ಹೇಳಿಬಿಡಿ.

ದಾವಣಗೆರೆಯಿಂದ:
ಹುಡುಕುವಾಗ ‘ಬ್ರಿನ್‌ಹಿಲ್ಡ್ ಇನ್ ದ ಡಾರ್ಕ್‌ನೆಸ್’ ಅಂತ ಕಣ್ಣಿಗೆ ಬೀಳುತ್ತದೆ. ಲಿನ್ ಓಕಮೊಟೊ ಅವರದು. ಲ್ಯಾಬಿನಿಂದ ಪಾರಾದ ಹುಡುಗಿಯರು, ಶಾಲೆಯ ಖಗೋಳ ವೀಕ್ಷಣಾಲಯದಲ್ಲಿ ಅಡಗಿಕೊಳ್ಳುವುದು. ತಪ್ಪದೆ ಮಾತ್ರೆ ನುಂಗದಿದ್ದರೆ ಸಾವು, ಅದೂ ಮೈ ಕರಗಿ. ಮಾತ್ರೆ ಎಣಿಸುವ ಆ ಭಯ ಚೆನ್ನಾಗಿದೆ. ಆದರೆ ಮಧ್ಯೆ ಮಧ್ಯೆ ಅಶ್ಲೀಲ ಇದೆ. ನಿಮ್ಮ ಕೈಯಿಂದ ಕೊಡಿಸಬೇಡಿ, ಆಮೇಲೆ ನಿಮ್ಮ ಅಕ್ಕ ನಿಮ್ಮನ್ನು ಬಿಡಲ್ಲ.

ಪುಣೆಯಿಂದ:
ಎಲ್ಲಿ ಕೊಳ್ಳುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ನಾನು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಬ್ಬರ ಹತ್ತಿರ ‘ಅಕಿರ’ ತರಿಸಿದೆ. ಬಂದದ್ದು ನಕಲಿ ಮುದ್ರಣ. ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ, ಹೊಲಿಗೆಯ ಕಡೆಗಿದ್ದ ಮಾತೆಲ್ಲ ಒಳಗೆ ಮಾಯ. ವಾಪಸ್ ತಗೊಳ್ಳಲೂ ಇಲ್ಲ.

ಇನ್ನೊಂದು ಮಾತು. ‘ಅಕಿರ’ದ ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಚಿತ್ರಗಳನ್ನೇ ತಿರುವಿ ನಮ್ಮ ಹಾಗೆ ಎಡದಿಂದ ಬಲಕ್ಕೆ ಓದುವಂತೆ ಮಾಡಿದ್ದಾರೆ. 2017ರ 35ನೇ ವರ್ಷದ ಬಾಕ್ಸ್ ಸೆಟ್ ಮಾತ್ರ ಜಪಾನಿನ ಹಾಗೆ ಬಲದಿಂದ ಎಡಕ್ಕೆ. ಎರಡನ್ನೂ ಕಲಸಿ ಕೊಳ್ಳಬೇಡಿ.

ಮೈಸೂರಿನಿಂದ, ಮತ್ತೆ:
ಅಂದಹಾಗೆ ‘ಸ್ಪೈ ಫ್ಯಾಮಿಲಿ’ಯ ಆನ್ಯಾ ಕೂಡ ಲ್ಯಾಬಿನಿಂದ ಓಡಿಬಂದ ಮಗುವೇ. ಬೇರೆಯವರ ಮನಸ್ಸು ಓದುತ್ತಾಳೆ. ಆದರೆ ಅದು ನಗಿಸುವ ಕತೆ. ಸುತ್ತಿ ಕೊಡುವುದಕ್ಕೆ ಏನಾದರೂ ಬೇಕಲ್ವಾ, ಮೊದಲ ಸಂಪುಟ ಕೊಡಿ.

ಶಿವಮೊಗ್ಗದಿಂದ, ಐದು ವಾರ ಬಿಟ್ಟು:
ಎಲ್ಲರಿಗೂ ಥ್ಯಾಂಕ್ಸ್. ಆನ್ಯಾ ಪುಸ್ತಕವನ್ನು ಸುತ್ತಿ ಕೊಟ್ಟೆ, ಬೆಂಗಳೂರಿನವರ ‘ಟು ಟೆರಾ’ವನ್ನು ‘ಸಾಲದ್ದು, ಹುಷಾರು’ ಅಂತ ಹೇಳಿ ಕೊಟ್ಟೆ. ಆನ್ಯಾ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಸಾಲದ್ದು ಎರಡನೇ ಸಂಪುಟದಲ್ಲಿದೆ. ಮೂಲೆ ಮಡಚಿಲ್ಲ, ಬಸ್ ಟಿಕೆಟ್ ಇಟ್ಟಿದ್ದಾನೆ. ನಿನ್ನೆ ರಾತ್ರಿ ಫೋನ್ ಮಾಡಿ, ‘ಚಿಕ್ಕಮ್ಮ, ಜೋಮಿಗೆ ಅವನ ಅಮ್ಮ ವಾಪಸ್ ಸಿಗ್ತಾಳಾ?’ ಅಂದ. ನಾನು ಓದಿಲ್ಲ. ಬೆಂಗಳೂರಿನವರೇ, ಏನು ಹೇಳಲಿ?

ಬೆಂಗಳೂರಿನಿಂದ:
ಮೂರನೆಯದನ್ನು ಓದು ಅನ್ನಿ.