ಫೆಬ್ರವರಿಯಲ್ಲಿ ರಷ್ಯಾದ ಇಝೆವ್ಸ್ಕ್‌ಗೆ ಹೊರಟಿದ್ದೇವೆ, ಅನುಭವ ಇದ್ದವರು ಹೇಳಿ

ಶಿವಮೊಗ್ಗದ ಅಪ್ಪ: ಮಗಳು ಇಝೆವ್ಸ್ಕ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ನಾವಿಬ್ಬರೂ ಹೋಗಿ ಹತ್ತು ದಿನ ಇರಬೇಕು ಅಂತಿದ್ದೇವೆ. ಫ್ಲ್ಯಾಟ್ ಬಾಡಿಗೆಗೆ ಸಿಕ್ಕಿದೆ. ಹೆಂಡತಿಗೆ ಮಂಡಿ ನೋವು, ಇಬ್ಬರೂ ಸಸ್ಯಾಹಾರಿಗಳು. ಮಾಸ್ಕೋ ಬಿಟ್ಟು ಟ್ವೆರ್, ಕೂರ್ಸ್ಕ್, ಪೆರ್ಮ್ ಥರದ ಬೇರೆ ಊರಲ್ಲಿ ಇದ್ದು ಬಂದವರು ಹೇಳಿ.

ಟ್ವೆರ್ ಹಳಬ: ಮೊದಲು ಬೂಟು. ನಮ್ಮಣ್ಣ ಬೆಂಗಳೂರಿನ ಮಾಲ್‌ನಲ್ಲಿ ‘ಹಿಮಕ್ಕೆ ಅಂತಲೇ ಮಾಡಿದ್ದು ಸಾರ್’ ಅಂತ ನಂಬಿಸಿದ್ದಕ್ಕೆ 8,500 ರೂಪಾಯಿ ಕೊಟ್ಟ. ಟ್ವೆರ್‌ನಲ್ಲಿ ಅದರ ಅಡಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಹಗಲು ಕರಗಿದ ಹಿಮ ರಾತ್ರಿ ಗಾಜಾಗುತ್ತದೆ, ಮೇಲೆ ಒಂದಿಷ್ಟು ಮರಳು ಎರಚಿರುತ್ತಾರೆ ಅಷ್ಟೇ. ಬಸ್ ಸ್ಟಾಪ್‌ನಲ್ಲೇ ಜಾರಿ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಕೋಟು ಬಿಚ್ಚಿ ಕೌಂಟರ್‌ಗೆ ಕೊಡಬೇಕು, ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಬೇಕು. ಒಂದು ಕೈಯಲ್ಲಿ ಹಾಕಿ ನೋಡಿ! ಇನ್ಶೂರೆನ್ಸ್‌ನವರು ಎಕ್ಸ್‌ರೇ ದುಡ್ಡು ಕೊಟ್ಟರು, ಟ್ಯಾಕ್ಸಿದು ಕೊಡಲಿಲ್ಲ. ಬೂಟು ಅಲ್ಲೇ ಕೊಳ್ಳಿ.

ಕೂರ್ಸ್ಕ್ ತಾಯಿ: ಚಳಿ ಚಳಿ ಅಂತ ಎಲ್ಲರೂ ಹೆದರಿಸುತ್ತಾರೆ. ನನ್ನನ್ನು ಸುಸ್ತು ಮಾಡಿದ್ದು ಸೆಕೆ. ಹೀಟಿಂಗ್ ಊರಿನ ದೊಡ್ಡ ಕೇಂದ್ರಗಳಿಂದ ಪೈಪ್‌ನಲ್ಲಿ ಬರುತ್ತದೆ. ನಮ್ಮ ಹಳೇ ಬಿಲ್ಡಿಂಗ್‌ನ ರೇಡಿಯೇಟರ್‌ಗೆ ತಿರುಗಿಸುವ ಗುಂಡಿಯೇ ಇಲ್ಲ. ಹೊರಗೆ ಮೈನಸ್ 15, ಒಳಗೆ ನಾನು ಕಾಟನ್ ಸೀರೆಯಲ್ಲಿ ಬೆವರುತ್ತಿದ್ದೆ. ಕಿಟಕಿಯೊಳಗಿನ ಪುಟ್ಟ ಕಿಟಕಿ ತೆಗೆದರೆ ಕೆಳಮನೆ ಅಜ್ಜಿ ಬಂದು ಬೈದರು. ಗಾಳಿ ಹೊಡೆದರೆ ಜಡ್ಡು ಬರುತ್ತದಂತೆ. ಬೈದ ಮೇಲೆ ಒಂದು ಬಾಟ್ಲಿ ಉಪ್ಪಿನ ಸೌತೆಕಾಯಿನೂ ಕೊಟ್ಟರು.

ಪೆರ್ಮ್ ಇಂಜಿನಿಯರ್: ಬಿಸಿನೀರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಬೇಸಿಗೆಯಲ್ಲಿ ಪೈಪ್ ರಿಪೇರಿಗೆ ಅಂತ ಎರಡು ವಾರದವರೆಗೂ ಬಿಸಿನೀರು ನಿಲ್ಲಿಸುತ್ತಾರೆ. ಬಾಗಿಲಿಗೆ ಚೀಟಿ ಅಂಟಿಸಿದ್ದರು, ಓನರ್ ನಮಗೆ ತಿಳಿಸಲೇ ಇಲ್ಲ. ಬಕೆಟ್ಟು, ದೊಡ್ಡ ಪಾತ್ರೆ, ಎಲೆಕ್ಟ್ರಿಕ್ ಕೆಟಲ್ ಸೇರಿ 4,200 ರೂಬಲ್ ಖರ್ಚು. ಬಾಡಿಗೆಯಲ್ಲಿ ಒಂದು ಪೈಸೆ ಕಡಿಮೆ ಮಾಡಲಿಲ್ಲ.

ಟ್ವೆರ್ ಹಳಬ: ಅವರು ಹೋಗುತ್ತಿರುವುದು ಫೆಬ್ರವರಿಗೆ ಕಣ್ರೀ.

ಪೆರ್ಮ್ ಇಂಜಿನಿಯರ್: ಗೊತ್ತು. ನಿಮ್ಮಣ್ಣನ ಮಣಿಕಟ್ಟಿನಿಂದ ಅವರಿಗೇನು ಉಪಯೋಗ?

ದಾವಣಗೆರೆ ದೋಸೆ: ಜಗಳ ಬಿಡಿ, ದುಡ್ಡಿನ ವಿಷಯ ಕೇಳಿ. 2022ರ ಮಾರ್ಚ್‌ನಿಂದ ನಮ್ಮ ಬ್ಯಾಂಕಿನ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯಲ್ಲ. ಡಾಲರ್ ಒಯ್ದೆವು. ನೂರರ ನೋಟಿನಲ್ಲಿ ಕಾಳಿನಷ್ಟು ಇಂಕಿನ ಮುದ್ರೆ ಇತ್ತು. ಬ್ಯಾಂಕಿನಾಕೆ ದೀಪಕ್ಕೆ ಹಿಡಿದಳು, ಉಗುರಲ್ಲಿ ಕೆರೆದಳು, ವಾಪಸ್ ತಳ್ಳಿದಳು. ಪಕ್ಕದ ಬ್ಯಾಂಕ್‌ನವರು ನೂರಕ್ಕೆ ಹತ್ತು ಡಾಲರ್ ಮುರಿದುಕೊಂಡರು. ನಮ್ಮೂರಿನ ಎಕ್ಸ್‌ಚೇಂಜ್‌ನವನು ‘ಎಲ್ಲಾ ಕಡೆ ನಡೆಯುತ್ತೆ’ ಅಂದಿದ್ದ. ಇನ್ನೂ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿ ಡಾಕ್ಟರ್: ಇಷ್ಟೆಲ್ಲ ಒದ್ದಾಡಿ ಅಲ್ಲಿ ಯಾಕೆ ಓದಿಸಬೇಕು? ವಾಪಸ್ ಬಂದು ವಿದೇಶದಲ್ಲಿ ಓದಿದ ಡಾಕ್ಟರ್‌ಗಳ ಪರೀಕ್ಷೆ ಎಫ್‌ಎಂಜಿಇ ಪಾಸಾಗಬೇಕಲ್ವಾ?

ಕೂರ್ಸ್ಕ್ ತಾಯಿ: ನನ್ನ ಮಗ ಪಾಸಾಗಿದ್ದಾನೆ. ಇಲ್ಲಿನ ಮ್ಯಾನೇಜ್‌ಮೆಂಟ್ ಸೀಟಿಗೆ ನೀವು ದುಡ್ಡು ಕೊಡುತ್ತಿದ್ದಿರಾ? 2024ರ ಆಗಸ್ಟ್‌ನಲ್ಲಿ ಉಕ್ರೇನ್ ಸೈನ್ಯ ಕೂರ್ಸ್ಕ್ ಪ್ರಾಂತ್ಯದೊಳಗೆ ನುಗ್ಗಿದಾಗ ರಾತ್ರಿಯಿಡೀ ಫೋನ್ ಹಿಡಿದು ಕೂತವಳು ನಾನು. ನನಗೆ ಪಾಠ ಹೇಳಬೇಡಿ.

ಹುಬ್ಬಳ್ಳಿ ಡಾಕ್ಟರ್: ಸೀಟಿನ ರೇಟ್ ಕೇಳಿದ್ದು ನಾನಲ್ಲ. ಎಲ್ಲ ಮಕ್ಕಳೂ ನಿಮ್ಮ ಮಗನ ಹಾಗೆ ಪಾಸಾಗುವುದಿಲ್ಲ ಅಂದೆ ಅಷ್ಟೇ.

ಸಾಗರದ ಸೊಸೆ: ಊಟದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ! ಎಲೆಕೋಸು, ಬೀಟ್‌ರೂಟ್, ಆಲೂ ಅಗ್ಗ. ಬೆಂಡೆ, ಕರಿಬೇವು ಮರೆತುಬಿಡಿ. ಬೋರ್ಷ್ ಅನ್ನೋ ಬೀಟ್‌ರೂಟ್ ಸೂಪ್‌ನಲ್ಲಿ ಮಾಂಸದ ತುಂಡು ಕಾಣದಿದ್ದರೂ ನೀರು ಸಾಮಾನ್ಯವಾಗಿ ಮಾಂಸದ್ದೇ ಇರುತ್ತದೆ. ಕ್ಯಾಂಟೀನ್‌ನಲ್ಲಿ ‘ಪೋಸ್ತ್ನೊಯೆ’ ಅಂತ ಕೇಳಿ, ಚರ್ಚ್ ಉಪವಾಸದ ಅಡುಗೆ ಅದು. ಮಾಂಸ, ಹಾಲು, ಮೊಟ್ಟೆ ಇರಲ್ಲ, ಆದರೆ ಮೀನು ಇದೆಯಾ ಅಂತ ಕೇಳಿಕೊಳ್ಳಿ. ಗ್ರೆಚ್ಕಾ (ಬಕ್‌ವೀಟ್ ಧಾನ್ಯ) ಬೇಯಿಸಿ, ಹುಳಿ ಮಜ್ಜಿಗೆಯಂಥ ಕೆಫೀರ್ ಸುರಿದು, ಒಗ್ಗರಣೆ ಕೊಟ್ಟರೆ ಮೊಸರನ್ನದ ಆಸೆ ತೀರುತ್ತದೆ. ಸಾಸಿವೆ ಇಲ್ಲಿಂದಲೇ ಒಯ್ಯಿರಿ.

ದಾವಣಗೆರೆ ದೋಸೆ: ಗ್ರೆಚ್ಕಾ ಮೊಸರನ್ನವಾ? ಕೆಫೀರ್ ಹುಳಿ, ದಪ್ಪ ಮೊಸರಿನ ಕೆನೆಯಂಥ ಸ್ಮೆತಾನಾವನ್ನು ಹಾಲಲ್ಲಿ ಕದಡಿ ಅನ್ನಕ್ಕೆ ಕಲಸಬೇಕು. ಅಕ್ಕಿ ಎಲ್ಲ ಅಂಗಡಿಯಲ್ಲೂ ಸಿಗುತ್ತದಲ್ಲ.

ಸಾಗರದ ಸೊಸೆ: ಸ್ಮೆತಾನಾ ಬೆಣ್ಣೆ ತಿಂದ ಹಾಗಿರುತ್ತದೆ. ದಾವಣಗೆರೆಯವರಿಗೆ ಸರಿಹೋಗಬಹುದು.